ಕಠಿಣ ಇಂಗ್ಲಿಷ್ ಪದಗಳ ಅರ್ಥ ಮರೆಯದಂತೆ ಕಲಿಯುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗೆಂದು ಪದಗಳ ಪಟ್ಟಿ ಬಾಯಿಪಾಠ ಮಾಡುತ್ತೇನೆ, ವಾರ ಕಳೆಯುವಷ್ಟರಲ್ಲಿ ಮರೆತುಹೋಗುತ್ತದೆ ಎಂದು ಬರೆದಿದ್ದೀರಿ. ಅದು ನಿಮ್ಮ ನೆನಪಿನ ಶಕ್ತಿಯ ದೋಷವಲ್ಲ. ಪಟ್ಟಿಯಲ್ಲಿ ಒಂಟಿಯಾಗಿ ನಿಂತ ಪದಕ್ಕೆ ನಂಟರೇ ಇರುವುದಿಲ್ಲ, ಅದು ತಲೆಯಲ್ಲಿ ಉಳಿಯುವುದಾದರೂ ಹೇಗೆ?

ನನಗೆ ದಾರಿ ತೋರಿಸಿದ್ದು ನಾವು ಕನ್ನಡದಲ್ಲಿ ದಿನವೂ ಬಳಸುವ ಸಂಸ್ಕೃತ ಮೂಲದ ಮಾತುಗಳು. ಇಂಗ್ಲಿಷಿನ ಇಂಥ ಭಾರೀ ಪದಗಳಲ್ಲಿ ಬಹಳಷ್ಟು ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಬಂದವು. ಆ ಎರಡು ಭಾಷೆಗಳೂ ಸಂಸ್ಕೃತವೂ ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಭಾಷಣದಲ್ಲಿ ಹೇಳಿದ್ದರು. ಕನ್ನಡ ದ್ರಾವಿಡ ಭಾಷೆಯೇ ಆದರೂ ಆ ಬೇರುಗಳು ಸಂಸ್ಕೃತದ ಮೂಲಕ ನಮ್ಮ ಬಾಯಿಗೂ ಬಂದಿವೆ.

'ಮೊರಿಬಂಡ್' ಎಂದರೆ ಸಾಯುವ ಸ್ಥಿತಿಯಲ್ಲಿರುವುದು. ನಮ್ಮ 'ಮರಣ' ಅದೇ ಬೇರಿನದು. 'ವೊಸಿಫರಸ್' ಎಂದರೆ ಗಟ್ಟಿಯಾಗಿ ಕೂಗಾಡುವ. ಅದರೊಳಗೆ 'ವಾಕ್'ನ ಸೋದರ ಪದವಿದೆ. 'ಇಗ್ನಾಮಿನಿ' ಎಂದರೆ ಎಲ್ಲರೆದುರು ಆಗುವ ಅವಮಾನ. ಒಡೆದು ನೋಡಿದರೆ ಸಿಗುವುದು 'ನಾಮ'. ಹೆಸರು ಕೆಡುವುದು ಎಂದು ನಾವೂ ಹೇಳುತ್ತೇವಲ್ಲ!

ನನಗೆ ಅತಿ ಪ್ರಿಯವಾದದ್ದು 'ಆಂಬಿಡೆಕ್ಸ್‌ಟ್ರಸ್'. ಲ್ಯಾಟಿನ್ನಿನ 'ಡೆಕ್ಸ್‌ಟರ್' ಎಂದರೆ ಬಲಬದಿ, ಅದರ ಬಂಧು ನಮ್ಮ 'ದಕ್ಷಿಣ'. ದಕ್ಷಿಣಕ್ಕೆ ದಿಕ್ಕಿನ ಅರ್ಥವಷ್ಟೇ ಅಲ್ಲ, ಬಲ ಎಂಬ ಅರ್ಥವೂ ಇದೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದಕ್ಕೇ ಪ್ರದಕ್ಷಿಣೆ ಎನ್ನುವುದು. 'ಆಂಬಿ' ಎಂದರೆ ಎರಡೂ. ಹಾಗಾಗಿ ಆಂಬಿಡೆಕ್ಸ್‌ಟ್ರಸ್ ಎಂದರೆ, ಎರಡೂ ಕೈ ಬಲಗೈಯಂತೆ ನಡೆಯುವವರು. ಎಡಗೈಯಿಂದಲೂ ಬಾಣ ಬಿಡುವ ಸವ್ಯಸಾಚಿ ಅರ್ಜುನನನ್ನು ನೆನೆದುಕೊಂಡರೆ ಈ ಪದ ಮತ್ತೆ ಮರೆಯುವುದಿಲ್ಲ.

ಆದರೆ ಹೋಲುವುದೆಲ್ಲ ನಂಟಲ್ಲ. ಗ್ರೀಕಿನ 'ಥಿಯೋಸ್' ನಮ್ಮ 'ದೇವ'ನಂತೆ ಕೇಳಿಸುತ್ತದೆ, ಅರ್ಥವೂ ದೇವರೇ, ಆದರೂ ಎರಡರ ಬೇರು ಬೇರೆ ಬೇರೆ. ಇನ್ನು, ಬೇರು ಗೊತ್ತಾದ ಮಾತ್ರಕ್ಕೆ ಇಂದಿನ ಅರ್ಥ ಸಿಕ್ಕಿತು ಎಂದುಕೊಳ್ಳಬೇಡಿ. 'ಪೆಡೆಸ್ಟ್ರಿಯನ್'ನಲ್ಲಿ 'ಪಾದ'ದ ಬಂಧುವಿದೆ, ಪಾದಚಾರಿ ಎಂಬ ಅರ್ಥವೂ ಇದೆ. ಆದರೆ ಒಬ್ಬರ ಭಾಷಣವನ್ನು ಪೆಡೆಸ್ಟ್ರಿಯನ್ ಎಂದರೆ ಅದು ಸಪ್ಪೆ, ಹೊಸತನವಿಲ್ಲದ್ದು ಎಂದರ್ಥ. ಇದು ತಿಳಿಯುವುದು ವಾಕ್ಯದಲ್ಲಿ ಓದಿದಾಗ ಮಾತ್ರ. ಅದಕ್ಕೇ ಪತ್ರಿಕೆಯ ಸಂಪಾದಕೀಯದಲ್ಲಿ ಸಿಕ್ಕ ಪದವನ್ನು ಇಡೀ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಿ. ಮಾರನೆಯ ದಿನ, ಮುಂದಿನ ವಾರ, ಮುಂದಿನ ತಿಂಗಳು, ಅರ್ಥ ಮುಚ್ಚಿಟ್ಟು ನೆನಪಿಸಿಕೊಂಡು ನೋಡಿ.

ಒಳ್ಳೆಯ ಇಂಗ್ಲಿಷ್ ನಿಘಂಟುಗಳಲ್ಲಿ ಪದದ ಮೂಲವನ್ನೂ ಕೊಟ್ಟಿರುತ್ತಾರೆ, ಅದನ್ನು ದಾಟಿಹೋಗಬೇಡಿ. ಶುರುಮಾಡಲು 'ಗ್ನೋ' ಎಂಬ ಬೇರು ಹಿಡಿಯಿರಿ. ಅದು ನಮ್ಮ 'ಜ್ಞಾನ'ದಲ್ಲಿರುವ 'ಜ್ಞಾ'. ಕಾಗ್ನಿಜೆಂಟ್, ಆಗ್ನಾಸ್ಟಿಕ್, ಪ್ರಾಗ್ನೋಸಿಸ್ ಮೂರರಲ್ಲೂ ಅದೇ ಇದೆ. ಮೊದಲು ಅರ್ಥ ಊಹಿಸಿ, ಆಮೇಲೆ ನಿಘಂಟು ತೆರೆಯಿರಿ.