ಕಛೇರಿ ಕೇಳುತ್ತ ಹಾಯ್ಕು ಬರೆಯುವುದು ಹೇಗೆ?

‘ಶಾಸ್ತ್ರೀಯ ಸಂಗೀತ ಕೇಳುವಾಗ ಹಾಯ್ಕು ಬರೆಯಬೇಕೆನ್ನಿಸುತ್ತದೆ. ಬರೆದದ್ದೆಲ್ಲ ಗಾಯಕರ ಹೊಗಳಿಕೆಯಾಗಿಬಿಡುತ್ತದೆ. ರಾಗವನ್ನು ಮೂರು ಸಾಲಿಗೆ ತರುವುದು ಹೇಗೆ? ಕನ್ನಡದಲ್ಲಿ 5-7-5 ಎಂದು ಎಣಿಸಬೇಕಾದದ್ದು ಏನನ್ನು?’ ಎಂದು ಕೇಳಿದ್ದೀರಿ. ಹಾಯ್ಕು ಎಂದರೆ ಜಪಾನಿನಿಂದ ಬಂದ, 5-7-5ರ ಅಳತೆಯ ಮೂರು ಸಾಲಿನ ಪುಟ್ಟ ಪದ್ಯ.

ರಾಗವನ್ನು ಸಾಲಿಗೆ ತರುವ ಯೋಚನೆಯನ್ನೇ ಬಿಟ್ಟುಬಿಡಿ. ನಾನು ಉಡುಪಿಯಲ್ಲಿರುವವನು. ಇಲ್ಲಿ ಕೃಷ್ಣ ಮಠದ ರಾಜಾಂಗಣದಲ್ಲೋ ಯಾರದಾದರೂ ಮನೆಯ ಚಾವಡಿಯಲ್ಲೋ ಕಛೇರಿ ಇದ್ದರೆ ಸ್ವಲ್ಪ ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು, ತಂಬೂರಿಗೆ ಶ್ರುತಿ ಕೂಡಿಸುವುದನ್ನು ಕೇಳುತ್ತೇನೆ. ಸಾಮಾನ್ಯವಾಗಿ ಅದರಲ್ಲಿ ಮೀಟುವುದು ಪಂಚಮ (ಪ) ಮತ್ತು ಷಡ್ಜ (ಸ) ಸ್ವರಗಳನ್ನು ಮಾತ್ರ. ತಂತಿಗಳನ್ನು ಹೊತ್ತ ಕುದುರೆ ಎಂಬ ಪಟ್ಟಿಯ ಮೇಲೆ, ತಂತಿಯ ಅಡಿಗೆ ನೂಲಿನ ಎಳೆ ಸರಿಯಾದ ಜಾಗದಲ್ಲಿ ಕೂತು ಶ್ರುತಿ ಶುದ್ಧವಾಯಿತೆಂದರೆ, ಮಂದ್ರ ಷಡ್ಜದ ತಂತಿಯೊಳಗಿನಿಂದ ಗಾಂಧಾರ (ಗ) ಕೇಳತೊಡಗುತ್ತದೆ. ಅದನ್ನು ಯಾರೂ ಮೀಟಿಲ್ಲ. ಮೂಲ ಕಂಪನದ ಐದು ಪಟ್ಟು ವೇಗದಲ್ಲಿ ಅದೇ ತಂತಿ ಹೊರಡಿಸುವ ಉಪಸ್ವರ ಅದು. ಹಾಯ್ಕುವಿನಲ್ಲಿ ಭಾವ ಹುಟ್ಟುವುದೂ ಹೀಗೆಯೇ ಎಂದು ನಾನು ನಂಬಿದ್ದೇನೆ. ಕಣ್ಣಿಗೆ ಕಂಡ, ಕಿವಿಗೆ ಬಿದ್ದ ಒಂದೆರಡು ವಸ್ತುಗಳನ್ನು ನೀವು ಮೀಟಿ. ಗಾಂಧಾರ ಓದುವವರಿಗೆ ತಾನಾಗಿ ಕೇಳಲಿ.

ಹೊಗಳಿಕೆ ಏಕೆ ನಿಲ್ಲುವುದಿಲ್ಲ ಎಂಬುದು ಈ ಸಾಲುಗಳಲ್ಲಿ ಕಾಣುತ್ತದೆ:

ಮಧುರ ಗಾನ
ಮನ ಸೋತು ತೇಲಿತು
ಸ್ವರ್ಗ ಸಮಾನ

ಅಕ್ಷರಗಳ ಲೆಕ್ಕ ಸರಿಯಿದೆ, ಪ್ರಾಸವೂ ಇದೆ. ಆದರೆ ಯಾವ ಊರು, ಯಾವ ಹೊತ್ತು, ಯಾರ ಕೈ ಎಂಬ ಒಂದು ಸುಳಿವೂ ಇಲ್ಲ. ಯಾವ ಕಛೇರಿಗಾದರೂ ಇದನ್ನು ಅಂಟಿಸಬಹುದು.

ಒಂದು ಮಳೆಗಾಲ ಹಳೆಯ ಮನೆಯೊಂದರ ಚಾವಡಿಯಲ್ಲಿ ಹಾಡುಗಾರಿಕೆ ಇತ್ತು. ಗಾಯಕರು ಕೊಡೆ ಮಡಚಿಟ್ಟು, ಪಂಚೆಗೆ ಕೈ ಒರೆಸಿಕೊಂಡು ನೇರವಾಗಿ ತಂಬೂರಿಗೇ ಕೈ ಹಾಕಿದರು. ಅಂದು ಅವರು ಹಾಡಿದ ತೋಡಿ ರಾಗ ನನ್ನನ್ನು ಬಹುವಾಗಿ ಅಲುಗಿಸಿತು. ಆದರೂ ನಾನು ಬರೆದದ್ದು ಇಷ್ಟು:

ಆಟಿ ಮಳೆ—
ತಂತಿ ಬಿಗಿಯುವ
ಒದ್ದೆ ಕೈ

ಇದರಲ್ಲಿ ಹಾಡೇ ಇಲ್ಲ. ಹಾಡು ಇನ್ನು ಶುರುವಾಗಬೇಕು. ಜಪಾನಿ ಸಂಪ್ರದಾಯ ಹಾಯ್ಕುವಿನಲ್ಲಿ ಋತುವನ್ನು ಸೂಚಿಸುವ ಒಂದು ಪದವನ್ನು ಬಯಸುತ್ತದೆ, ಅದನ್ನು ಕಿಗೊ ಎನ್ನುತ್ತಾರೆ. ನಮಗೆ ಆ ಪದಗಳಿಗೆ ಕೊರತೆಯೇ ಇಲ್ಲ. ಆಟಿ ಎಂದರೆ ಕರಾವಳಿಯವರಿಗೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಬಿಡದ ಮಳೆ, ಹಾಲೆ ಮರದ ತೊಗಟೆಯ ಕಷಾಯ, ಕೆಸುವಿನ ಎಲೆಯ ಪತ್ರೊಡೆ. ಪರ್ಯಾಯ ಎಂದರೆ ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ, ಎರಡು ವರ್ಷಕ್ಕೊಮ್ಮೆ ಬರುವ ಜನವರಿ 18ರ ಬೆಳಗಿನ ಜಾವ. ರಾಗದ ಹೆಸರು ಹಾಕಿ ಋತು ಬಂತೆಂದುಕೊಳ್ಳಬೇಡಿ. ಮಳೆ ತರಿಸುತ್ತದೆಂದು ಹೆಸರಾದ ರಾಗ ಅಮೃತವರ್ಷಿಣಿ ಎಂದ ಮಾತ್ರಕ್ಕೆ ಪದ್ಯದಲ್ಲಿ ಮಳೆ ಸುರಿಯುವುದಿಲ್ಲ.

ಎಣಿಕೆಯ ವಿಷಯ. ಕನ್ನಡದಲ್ಲಿ ಹೆಚ್ಚಿನವರು ಅಕ್ಷರಗಳನ್ನು ಎಣಿಸುತ್ತಾರೆ, ಅದು ತಪ್ಪೇನಲ್ಲ. ಆದರೆ ಜಪಾನಿಯಲ್ಲಿ ಎಣಿಸುವುದು ಉಚ್ಚಾರದ ಅವಧಿಯನ್ನು: ದೀರ್ಘ ಸ್ವರಕ್ಕೆ ಎರಡು, ಹ್ರಸ್ವಕ್ಕೆ ಒಂದು. ಟೋಕಿಯೊ ಎಂಬ ಊರಿನ ಹೆಸರು ಅವರ ಲೆಕ್ಕದಲ್ಲಿ ನಾಲ್ಕು. ಇದು ನಮ್ಮ ಮಾತ್ರೆಗೆ ಬಹಳ ಹತ್ತಿರ. ಮೇಲಿನ ಆಟಿಯ ಪದ್ಯವನ್ನು ಲಘು ಗುರು ಹಾಕಿ ನೋಡಿ: 5, 7, 5 ಮಾತ್ರೆ. ಸಂಗೀತ ಕೇಳುವವರ ಕಿವಿಗೆ ಈ ಸಂಖ್ಯೆಗಳು ಹೊಸವಲ್ಲ. ಖಂಡ ಗತಿಯ ತಕ ತಕಿಟ ಐದು, ಮಿಶ್ರದ ತಕಿಟ ತಕಧಿಮಿ ಏಳು. ಯಕ್ಷಗಾನ ನೋಡಿ ಬೆಳೆದವರಿಗಂತೂ ಇನ್ನೂ ಸುಲಭ. ವಾರ್ಧಕ ಷಟ್ಪದಿ ನಡೆಯುವುದು ಐದರ ಗಣಗಳಲ್ಲಿ, ಭಾಮಿನಿ ನಡೆಯುವುದು ಮೂರು ನಾಲ್ಕು ಕೂಡಿದ ಏಳರಲ್ಲಿ. ಬೆರಳು ಮಡಚಿ ಎಣಿಸುವ ಬದಲು ತೊಡೆಯ ಮೇಲೆ ತಾಳ ಹಾಕಿ ಹೇಳಿಕೊಳ್ಳಿ. ಎಡವಿದ ಪದ ಕೂಡಲೇ ಸಿಕ್ಕಿಬೀಳುತ್ತದೆ. ಹದಿನೇಳು ಮಾತ್ರೆ ತೀರಾ ಬಿಗಿ ಅನ್ನಿಸಿದರೆ ಅಕ್ಷರಕ್ಕೆ ಹೋಗಿ, ನಾನೂ ಹೋಗುತ್ತೇನೆ:

ನಿಂತ ಕಮಾನು—
ಮಾಡಿನ ಕೊನೆ ಹನಿ
ಇನ್ನೂ ಬಿದ್ದಿಲ್ಲ

ಕಮಾನು ಎಂದರೆ ಪಿಟೀಲು ನುಡಿಸುವ ಕೋಲು, ಮಾಡು ಎಂದರೆ ಮನೆಯ ಸೂರು. ಮೊದಲ ಸಾಲಿನ ನಂತರದ ಗೆರೆಯೇ ಇದರ ಪ್ರಾಣ. ಜಪಾನಿಯಲ್ಲಿ ಪದ್ಯವನ್ನು ಎರಡಾಗಿ ಕಡಿಯಲು ಕಿರೆಜಿ ಎಂಬ ಪ್ರತ್ಯೇಕ ಪದಗಳೇ ಇವೆ. ನಮಗೆ ಗೆರೆಯೋ ಬರಿಯ ನಿಲುಗಡೆಯೋ ಸಾಕು. ಗಾಯಕರು ಆಲಾಪನೆಯ ಒಂದು ಸಂಚಾರ ಮುಗಿಸಿ ಬಿಟ್ಟ ಮೇಲೆ, ಪಿಟೀಲಿನವರು ಅದನ್ನು ಎತ್ತಿಕೊಳ್ಳುವ ಮೊದಲು, ಒಂದು ಕ್ಷಣ ತಂಬೂರಿ ಮಾತ್ರ ಉಳಿಯುತ್ತದೆಯಲ್ಲ, ಅಲ್ಲಿ ಗಮನವಿಡಿ. ನನ್ನ ಪದ್ಯಗಳಲ್ಲಿ ಉಳಿದುಕೊಂಡವು ಹೆಚ್ಚಾಗಿ ಆ ಎಡೆಯಲ್ಲಿ ಸಿಕ್ಕವು.

ಮೊದಮೊದಲು ಕೃತಿಗಳಿಂದ, ಅಂದರೆ ಸಾಹಿತ್ಯವಿರುವ ಹಾಡುಗಳಿಂದ, ದೂರವಿರಿ. ಕೃತಿಯ ಸಾಹಿತ್ಯ ಕಿವಿಯಲ್ಲಿ ಕೂತುಬಿಡುತ್ತದೆ, ಅದನ್ನು ರಚಿಸಿದ ವಾಗ್ಗೇಯಕಾರರ ಮಾತು ನಿಮ್ಮ ಮಾತನ್ನು ನುಂಗುತ್ತದೆ. ಆಲಾಪನೆ, ತಾನ, ಇಲ್ಲವೇ ವಾದ್ಯ ಸಂಗೀತ ಕೇಳಿ. ನಮ್ಮ ಜಿಲ್ಲೆಗಳವರಿಗೆ ಕದ್ರಿ ಗೋಪಾಲನಾಥರ (1949–2019) ಸ್ಯಾಕ್ಸೊಫೋನ್ ಇದೆ. ಪಾಶ್ಚಾತ್ಯ ವಾದ್ಯದಲ್ಲಿ ಗಮಕ (ಸ್ವರದ ಓಲಾಟ) ನುಡಿಸಿದ ಆ ಮನುಷ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿ ಕೇಳಿ. ಹಾಯ್ಕು ಒಂದು ಉಸಿರಿನಷ್ಟೇ ಉದ್ದವಿರಬೇಕೆಂಬ ಮಾತು ಆಗ ತಾನಾಗಿ ಅರ್ಥವಾಗುತ್ತದೆ.

ಸಭೆಯಲ್ಲಿ ಮೊಬೈಲ್ ತೆಗೆದು ಬರೆಯಬೇಡಿ. ಅದರ ಬೆಳಕು ಪಕ್ಕದವರ ಕೇಳುವಿಕೆಯನ್ನು ಕೆಡಿಸುತ್ತದೆ. ಮನೆಗೆ ಬಂದು, ಆಗ ಕಂಡ ವಸ್ತುಗಳ ಹೆಸರುಗಳನ್ನಷ್ಟೇ ಗುರುತು ಹಾಕಿಟ್ಟು, ಪದ್ಯವನ್ನು ಮರುದಿನ ಕಟ್ಟಿ. ಬರೆದ ಒಂದೆರಡನ್ನು ಇಲ್ಲಿಯೇ ಹಾಕಿದರೆ ಮಾತ್ರೆ ಎಣಿಸಿ ನೋಡುತ್ತೇನೆ.