ಸಂಪಾದಕರ ಉತ್ತರ: ಸಂಭಾಳಿಸುವುದು ಸಾಕು, ಡಾಕ್ಟರ ಬಳಿ ಕಳಿಸಿ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿರುವ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಕೈಕೆಳಗಿನ ಹಳೆಯ ಲೇಥ್ ಆಪರೇಟರ್ ಬೆಳಗಿನ ಪಾಳಿಗೇ ಕುಡಿದು ಬರುತ್ತಾನೆ. ಎಚ್‌ಆರ್‌ಗೆ ತಿಳಿಸಿದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಸದ್ಯ ಪ್ಯಾಕಿಂಗಿಗೆ ಹಾಕಿ ಸಂಭಾಳಿಸುತ್ತಿದ್ದೇನೆ. ತಪ್ಪೇ?’

ತಪ್ಪೇ, ಸ್ವಾಮಿ. ಮೆಷಿನ್ನಿನಿಂದ ದೂರ ಇಟ್ಟಿರಿ, ಅಷ್ಟು ಸರಿ. ನಿಮ್ಮ ಮನಸ್ಸು ಒಳ್ಳೆಯದು, ಅದೂ ಗೊತ್ತು. ಆದರೆ ನಿಮ್ಮ ಮುಚ್ಚಾಟ ಅವನಿಗೆ ಇನ್ನಷ್ಟು ದಿನ ಕುಡಿಯಲು ಸಿಕ್ಕ ಪರವಾನಗಿ. ಶಿಸ್ತು ಬೇಕೆನ್ನುವವರದೂ ಸುಳ್ಳಲ್ಲ. ತಿರುಗುವ ಲೇಥಿಗೆ ಯಾರ ಬೆರಳಾದರೂ ಒಂದೇ. ಆದರೆ ‘ಒದ್ದು ಓಡಿಸಿ’ ಎನ್ನುವವರ ಜೊತೆ ನನಗೆ ಹಳೇ ಜಗಳ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಸಂಹಿತೆ ಹೊರಡಿಸಿ, ಕುಡಿತದ ತೊಂದರೆಯನ್ನು ಬೇರೆ ಕಾಯಿಲೆಗಳಂತೆಯೇ ನೋಡಿ ಎಂದಿತು. ಎಷ್ಟು ಎಚ್‌ಆರ್‌ಗಳು ಅದನ್ನು ಓದಿದ್ದಾರೋ!

ನನಗೆ ಗೊತ್ತಿದ್ದ ಫೋರ್‌ಮನ್ ಒಬ್ಬರು ಯಾರ ಬಾಯಿಯನ್ನೂ ಮೂಸುತ್ತಿರಲಿಲ್ಲ, ಉಪದೇಶವನ್ನೂ ಮಾಡುತ್ತಿರಲಿಲ್ಲ. ಯಾವ ಸೋಮವಾರ ಗೈರು, ಎಷ್ಟು ಪೀಸ್ ರಿಜೆಕ್ಟ್ ಎಂದು ಜೇಬಿನ ಡೈರಿಯಲ್ಲಿ ಬರೆದಿಡುವರು. ಅಮಲಿಲ್ಲದ ಹೊತ್ತಿನಲ್ಲಿ ಕೂರಿಸಿಕೊಂಡು ಅದನ್ನೇ ಓದಿ ಹೇಳುವರು: ‘ನೀನು ಕುಡುಕನೋ ಅಲ್ಲವೋ ಡಾಕ್ಟರ್ ನೋಡಲಿ. ಈ ಪೀಸುಗಳ ಲೆಕ್ಕ ಮಾತ್ರ ನನ್ನದು. ಚಿಕಿತ್ಸೆಗೆ ಹೋಗ್ತೀಯಾ, ರಜೆ ಕೊಡಿಸ್ತೀನಿ. ಇಲ್ಲವಾ, ಮೆಮೊ ತಗೋ.’ ಎಲ್ಲರೂ ಉಳಿಯಲಿಲ್ಲ, ಉಳಿದವರು ಅವರನ್ನು ಮರೆಯಲಿಲ್ಲ.

ಒಂದು ಎಚ್ಚರಿಕೆ. ಮಂಜುನಾಥನ ಮೇಲೆ ಆಣೆ ಹಾಕಿಸಿ ಇವತ್ತಿಂದಲೇ ಬಿಡಿಸಲು ಹೋಗಬೇಡಿ. ವರ್ಷಗಟ್ಟಲೆ ವಿಪರೀತ ಕುಡಿದವನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು-ಮೂರು ದಿನದಲ್ಲಿ ಭ್ರಮೆ ಹತ್ತಿ ಜೀವಕ್ಕೇ ಕುತ್ತಾಗಬಹುದು. ಅವನಿಗೆ ಗೊತ್ತಿಲ್ಲದಂತೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವ ಮನೆಮಂದಿಗೂ ಇದೇ ಮಾತು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಹುಚ್ಚಾಸ್ಪತ್ರೆ ಎಂದು ಹೆದರಿದರೆ ಮೊದಲ ದಿನ ನೀವೇ ಜೊತೆಗೆ ಹೋಗಿ.

ಇನ್ನು ನಿಮ್ಮ ಎಚ್‌ಆರ್ ಭಯ. ವರ್ಷದ ಪಾರ್ಟಿಯಲ್ಲಿ ಮ್ಯಾನೇಜರ್ ತೂರಾಡಿದರೆ ‘ಸ್ವಲ್ಪ ಜಾಸ್ತಿಯಾಯ್ತು’, ಆಪರೇಟರ್ ತೂರಾಡಿದರೆ ದುರ್ನಡತೆ! ಸರ್ಕಾರವೇನು ಕಡಿಮೆಯೇ? 2003ರಿಂದ ತನ್ನದೇ ಪಾನೀಯ ನಿಗಮದಿಂದ ಸಗಟು ಮದ್ಯ ಮಾರುತ್ತಿದೆ, ಅಬಕಾರಿ ಅಧಿಕಾರಿಗಳಿಗೆ ವರಮಾನದ ಗುರಿ ಕೊಟ್ಟು ಕೂರಿಸಿದೆ. ಗೇಟಿನೆದುರಿನ ವೈನ್‌ಶಾಪಿಗೆ ಲೈಸೆನ್ಸ್ ಕೊಡುವವರು ಅದರ ಪಕ್ಕದಲ್ಲೊಂದು ವ್ಯಸನಮುಕ್ತಿ ಕ್ಲಿನಿಕ್ ಯಾಕೆ ತೆರೆಯಬಾರದು? ನಿಮ್ಮ ಮಾಲೀಕರ ಬಾಯಲ್ಲೇ ಅವರ ಸಂಘದಲ್ಲಿ ಈ ಪ್ರಶ್ನೆ ಕೇಳಿಸಿ. ಉತ್ತರ ಬಂದರೆ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

–ಸಂ.