ಆ ಕಾಲದಲ್ಲೂ ಬೇರೆ ಥರ ಯೋಚಿಸಿದವರಿದ್ದರು

ಓದುಗರ ಪತ್ರ: ಮೊನ್ನೆ ಟಿವಿಯಲ್ಲಿ 'ನಂಜುಂಡಿ ಕಲ್ಯಾಣ' ಬಂತು. ಹಿಂದೆ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕು ನೋಡಿದ ಸಿನಿಮಾ. ಕಾಲೇಜಿಗೆ ಹೋಗುವ ಮಗಳು 'ಹೆಂಡತಿಯನ್ನ ಪಳಗಿಸೋದು ಕಾಮಿಡಿನಾ?' ಎಂದು ಎದ್ದುಹೋದಳು. 1989ರ ಚಿತ್ರವನ್ನು ಇವತ್ತಿನ ತಕ್ಕಡಿಯಲ್ಲಿ ತೂಗುವುದು ಸರಿಯೇ? ನಿಮ್ಮ ಹಳೆಯ ಚಿತ್ರಗಳ ಅಂಕಣದಲ್ಲೂ ಈಚೆಗೆ ಇದೇ ರಾಗ. ಇಂಥವನ್ನೆಲ್ಲ ಕತ್ತರಿಸುತ್ತಾ ಹೋದರೆ ನೋಡಲು ಏನು ಉಳಿಯುತ್ತೆ?

ಸಂಪಾದಕರ ಉತ್ತರ: ನಮಸ್ಕಾರ. ಇಬ್ಬರದೂ ಸರಿ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನನ್ನ ಓಟು ನಿಮ್ಮ ಮಗಳಿಗೇ.

ಆ ತಕ್ಕಡಿ ಇವತ್ತಿನದು ಅಂತೀರಲ್ಲ, ಅಲ್ಲೇ ನನ್ನ ತಕರಾರು. 'ಬೆಳ್ಳಿ ಮೋಡ' ನೆನಪಿಸಿಕೊಳ್ಳಿ. 1967ರ ಚಿತ್ರ, ಪುಟ್ಟಣ್ಣ ಕಣಗಾಲರದು. ಇಂದಿರೆಯ ಅಪ್ಪನ ದುಡ್ಡಲ್ಲಿ ಮೋಹನ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಬರುವಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟಿದ್ದಾನೆ, ಆಸ್ತಿ ಅವಳ ಪಾಲಿಗಿಲ್ಲ. ಮದುವೆ ಬೇಡ ಅನ್ನುತ್ತಾನೆ. ಆಮೇಲೆ ಪೆಟ್ಟಾಗಿ ಮಲಗಿದಾಗ ಅವನ ಆರೈಕೆ ಮಾಡುವವಳೂ ಅವಳೇ. ಆಗ ಸಾಹೇಬರಿಗೆ ಪ್ರೀತಿ ಹುಟ್ಟುತ್ತದೆ! ಕಲ್ಪನಾ ಮಾಡಿದ ಇಂದಿರೆ ಕಣ್ಣೀರು ಹಾಕಿ ಒಪ್ಪಿಕೊಳ್ಳುವುದಿಲ್ಲ, ಆಗಲ್ಲ ಅನ್ನುತ್ತಾಳೆ. ಕಥೆ ಬರೆದ ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು. 'ನಂಜುಂಡಿ ಕಲ್ಯಾಣ'ಕ್ಕಿಂತ ಇಪ್ಪತ್ತೆರಡು ವರ್ಷ ಮೊದಲೇ ಇದನ್ನು ನಮ್ಮ ಜನ ಟಿಕೆಟ್ ಕೊಂಡು ನೋಡಿದ್ದಾರೆ. ಹಾಗಿರುವಾಗ 'ಆ ಕಾಲ ಹಾಗಿತ್ತು' ಅಂದರೆ ಯಾವ ಕಾಲ?

ಇನ್ನೂ ಹಿಂದಕ್ಕೆ ಹೋಗೋಣ. ನಿಮ್ಮ ಸಿನಿಮಾದ ಕಥೆ ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕದ್ದು. ಅದರ ಮೂಲ ಶೇಕ್ಸ್‌ಪಿಯರ್‌ನ 'ಟೇಮಿಂಗ್ ಆಫ್ ದ ಶ್ರೂ' (ಜಗಳಗಂಟಿ ಹೆಂಡತಿಯನ್ನು ಗಂಡ ಪಳಗಿಸುವ ಕಥೆ), ಅಂದರೆ ಹದಿನಾರನೇ ಶತಮಾನದ ಕೊನೆ. ಮಜಾ ಏನು ಗೊತ್ತಾ? ಶೇಕ್ಸ್‌ಪಿಯರ್ ಬದುಕಿದ್ದಾಗಲೇ, 1611ರ ಹೊತ್ತಿಗೆ, ಜಾನ್ ಫ್ಲೆಚರ್ ಎಂಬ ನಾಟಕಕಾರ ಇದಕ್ಕೊಂದು ಎದುರು ನಾಟಕ ಬರೆದ. ಅದರಲ್ಲಿ ಪಳಗಿಸಿದ ಗಂಡ ಎರಡನೇ ಮದುವೆಯಾಗುತ್ತಾನೆ, ಎರಡನೇ ಹೆಂಡತಿ ಅವನನ್ನೇ ಪಳಗಿಸುತ್ತಾಳೆ. ನಿಮ್ಮ ಮಗಳ ಪ್ರಶ್ನೆಗೆ ನಾನೂರು ವರ್ಷ ವಯಸ್ಸಾಗಿದೆ ಸ್ವಾಮಿ.

ಹಾಗಂತ ಸಿನಿಮಾ ಕೆಟ್ಟದ್ದು ಎಂದೇನೂ ಅಲ್ಲ. 'ಒಳಗೆ ಸೇರಿದರೆ ಗುಂಡು' ಹಾಡು ತೆಗೆದುಕೊಳ್ಳಿ. ಮಂಜುಳಾ ಗುರುರಾಜ್ ದನಿ, ಮಾಲಾಶ್ರೀ ಕುಣಿತ. ಊರಿನ ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಈ ಹಾಡಿಗೆ ಶಿಳ್ಳೆ ಬೀಳುತ್ತೆ. ಮಾಲಾಶ್ರೀ ಮಾಡಿದ ನಾಯಕಿ ದೇವಿ ಕೊನೆಗೆ ಪಳಗಿದ್ದು ಯಾರಿಗೆ ನೆನಪಿದೆ? ನೆನಪಿರೋದು ಕುಡಿದು ಕುಣಿದ ದೇವಿ. ನಿರ್ಮಾಪಕರಿಗೂ ಅದು ಬೇಗ ಅರ್ಥವಾಯಿತು ಅನ್ನಿಸುತ್ತೆ. 1991ಕ್ಕೆ ಅದೇ ಮಾಲಾಶ್ರೀ 'ಎಸ್‌.ಪಿ. ಭಾರ್ಗವಿ'ಯಾಗಿ ಖಾಕಿ ಹಾಕಿದರು. ನಿಮ್ಮ ಮಗಳಿಗೆ ಈ ಹಾಡೊಂದನ್ನು ತೋರಿಸಿ ನೋಡಿ, ಎದ್ದುಹೋಗಲಿಕ್ಕಿಲ್ಲ.

ಆದರೆ ಅವಳ ವಯಸ್ಸಿನವರಲ್ಲಿ ನನಗೆ ಹಿಡಿಸದ್ದೂ ಒಂದಿದೆ. ಮೊಬೈಲಲ್ಲಿ ಮೂವತ್ತು ಸೆಕೆಂಡಿನ ತುಣುಕು ನೋಡಿ ತೀರ್ಪು ಕೊಡೋದು. 'ಶರಪಂಜರ'ದಲ್ಲಿ (1971) ಬಾಣಂತನದ ಹೊತ್ತಿಗೆ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಬರುತ್ತಾಳೆ. ಸುತ್ತಲಿನವರು ಅವಳನ್ನು ಮತ್ತೆ ಹಳೆಯ ಹುಚ್ಚಿಯಂತೆಯೇ ನೋಡುತ್ತಾರೆ. ಆ ನೋಟವನ್ನಷ್ಟೇ ಕತ್ತರಿಸಿ ತೋರಿಸಿದರೆ ಸಿನಿಮಾ ಅವಳನ್ನು ಗೇಲಿ ಮಾಡಿದ ಹಾಗೆ ಕಾಣುತ್ತೆ. ಪೂರ್ತಿ ನೋಡಿದವರಿಗೆ ಸಿಟ್ಟು ಬರೋದು ಆ ಜನರ ಮೇಲೆ, ಬೇರೊಬ್ಬಳ ಸಹವಾಸದಲ್ಲಿರುವ ಗಂಡನ ಮೇಲೆ. ತೆರೆಯ ಮೇಲೆ ಕೆಟ್ಟದ್ದು ನಡೆಯೋದು ಬೇರೆ, ಅದಕ್ಕೆ ಚಪ್ಪಾಳೆ ಹೊಡಿಯಿರಿ ಅನ್ನೋದು ಬೇರೆ.

ಕತ್ತರಿಸುವ ಮಾತಿಗೆ ನಾನೂ ಬಿಲ್‌ಕುಲ್ ಒಪ್ಪಲ್ಲ. ಚಾನೆಲ್‌ನವರು ಒಂದು ದೃಶ್ಯ ತೆಗೆದರೆ, ನಾವು ಏನನ್ನು ನೋಡಿ ನಕ್ಕಿದ್ದೆವು ಅನ್ನೋದಕ್ಕೆ ಸಾಕ್ಷಿಯೇ ಹೋಗುತ್ತೆ. ಇಡೀ ಚಿತ್ರ ತೋರಿಸಲಿ, ಬೇಕಿದ್ದರೆ ಮೊದಲು ಎರಡು ಸಾಲಿನ ಎಚ್ಚರಿಕೆ ಹಾಕಲಿ.

ನಮ್ಮ ಅಂಕಣದ ರಾಗ ಬದಲಾಗುವುದಿಲ್ಲ. ಹಾಡಿದ್ದರೆ ಹಾಡನ್ನು ಹೊಗಳುತ್ತೇವೆ, ಕಪಾಳಕ್ಕೆ ಹೊಡೆದದ್ದನ್ನು ಪ್ರೀತಿ ಅಂತ ತೋರಿಸಿದ್ದರೆ ಅದನ್ನೂ ಬರೆಯುತ್ತೇವೆ. ಮುಂದಿನ ಸಂಚಿಕೆಯಲ್ಲಿ 'ಬೆಳ್ಳಿ ಮೋಡ' ಇದೆ. ನಿಮ್ಮ ಮಗಳು ಅದನ್ನು ನೋಡಿ ಒಂದು ಪುಟ ಬರೆದು ಕಳಿಸಿದರೆ ಖಂಡಿತ ಹಾಕುತ್ತೇವೆ. ಬೈದು ಬರೆದರೂ ಸರಿ.